ಪೈಥಾನ್‌ನಿಂದ ಸಿ ಫಂಕ್ಷನ್‌ಗೆ: ಕೈಯಾರೆ ಬರೆದ ಘೋಷಣೆಯನ್ನು ಎಷ್ಟು ನಂಬಬಹುದು?

ಪೈಥಾನ್ ಪ್ರೋಗ್ರಾಂ ಎಂದು ನಾವು ಕರೆಯುವ ಎಷ್ಟೋ ಪ್ರೋಗ್ರಾಂಗಳಲ್ಲಿ ಭಾರ ಹೊರುವುದು ಪೈಥಾನ್ ಅಲ್ಲ. ಮ್ಯಾಟ್ರಿಕ್ಸ್‌ಗಳನ್ನು ಗುಣಿಸುವುದು ನಮ್‌ಪೈ ಒಳಗಿನ ಸಿ ಕೋಡ್ ಮತ್ತು ಅದರ ಬೆನ್ನಿಗಿರುವ ಬ್ಲಾಸ್ ಲೈಬ್ರರಿ. ಫೈಲ್‌ಗಳನ್ನು ಕುಗ್ಗಿಸುವುದು ಝಡ್‌ಲಿಬ್, ಡೇಟಾಬೇಸ್ ಓದುವುದು ಎಸ್‌ಕ್ಯೂಲೈಟ್, ಸಂದೇಶಗಳಿಗೆ ಬೀಗ ಹಾಕುವುದು ಓಪನ್‌ಎಸ್‌ಎಸ್‌ಎಲ್. ಇವೆಲ್ಲ ಮೊದಲೇ ಕಂಪೈಲ್ ಆಗಿ ಯಂತ್ರಭಾಷೆಯ ರೂಪದಲ್ಲಿ ಡಿಸ್ಕ್‌ನಲ್ಲಿ ಕುಳಿತಿರುವ ಕಡತಗಳು. ಪೈಥಾನ್ ಇವುಗಳನ್ನು ಕರೆಯುತ್ತದೆ, ಕಾಯುತ್ತದೆ, ಉತ್ತರ ಪಡೆದು ಮುಂದೆ ಸಾಗುತ್ತದೆ.

ಹೀಗೆ ಸ್ಕ್ರಿಪ್ಟಿಂಗ್ ಭಾಷೆಯಿಂದ ಕಂಪೈಲ್ ಆದ ಕೋಡನ್ನು ಕರೆಯುವ ಲೈಬ್ರರಿಗಳಿಗೆ ಎಫ್‌ಎಫ್‌ಐ (ಫಾರಿನ್ ಫಂಕ್ಷನ್ ಇಂಟರ್‌ಫೇಸ್) ಎಂಬ ಹೆಸರು ರೂಢಿಯಲ್ಲಿದೆ. ಪೈಥಾನ್‌ನಲ್ಲಿ ಸಿಟೈಪ್ಸ್ ಮತ್ತು ಸಿಎಫ್‌ಎಫ್‌ಐ, ರೂಬಿಯಲ್ಲಿ ಫಿಡಲ್, ಪಿಎಚ್‌ಪಿಯಲ್ಲಿ 7.4ನೇ ಆವೃತ್ತಿಯಿಂದ ಬಂದ ಎಫ್‌ಎಫ್‌ಐ ವಿಸ್ತರಣೆ ಎಲ್ಲವೂ ಈ ಬಳಗದವು. ಈ ನಾಲ್ಕೂ ತಳದಲ್ಲಿ ನೆಚ್ಚಿಕೊಂಡಿರುವುದು ಆಂಥನಿ ಗ್ರೀನ್ 1996ರಲ್ಲಿ ಬರೆಯಲು ತೊಡಗಿದ ಲಿಬ್‌ಎಫ್‌ಎಫ್‌ಐ ಎಂಬ ಒಂದೇ ಪುಟ್ಟ ಲೈಬ್ರರಿಯನ್ನು. ಥಾಮಸ್ ಹೆಲ್ಲರ್ ಬರೆದ ಸಿಟೈಪ್ಸ್ 2006ರಲ್ಲಿ ಪೈಥಾನ್ 2.5ರ ಜೊತೆಗೇ ಬರತೊಡಗಿತು. ಅಂದಿನಿಂದ ಸಿ ಕಂಪೈಲರ್ ಇಲ್ಲದ ಕಂಪ್ಯೂಟರ್‌ನಲ್ಲೂ ನಾಲ್ಕು ಸಾಲು ಪೈಥಾನ್ ಬರೆದು ಯಾವುದೇ ಸಿ ಲೈಬ್ರರಿಯನ್ನು ಕರೆಯಬಹುದು. ಇದು ದೊಡ್ಡ ಉಪಕಾರ. ಆದರೆ ಈ ಉಪಕಾರದ ಒಳಗೇ ಒಂದು ಅಪಾಯ ಅಡಗಿದೆ. ರಸ್ಟ್ ಭಾಷೆಯ ಪ್ರವೇಶ, ಪೈಥಾನ್‌ನ ಥ್ರೆಡ್ (ಒಂದೇ ಪ್ರೋಗ್ರಾಂನೊಳಗೆ ಒಟ್ಟಿಗೆ ಸಾಗುವ ಕೆಲಸದ ಎಳೆ) ವ್ಯವಸ್ಥೆಯಲ್ಲಿ ನಡೆಯುತ್ತಿರುವ ಬದಲಾವಣೆ ಮತ್ತು ಜಾವಾ ಹಾಕತೊಡಗಿರುವ ಹೊಸ ನಿರ್ಬಂಧಗಳಿಂದಾಗಿ ಈಚಿನ ವರ್ಷಗಳಲ್ಲಿ ಅದರ ಚರ್ಚೆ ಮತ್ತೆ ಕಾವೇರಿದೆ. ಕರೆಯಬೇಕಾದ ಫಂಕ್ಷನ್ ಹೀಗಿದೆ ಎಂದು ನಾವು ಈ ಲೈಬ್ರರಿಗಳಿಗೆ ಬರೆದುಕೊಡುತ್ತೇವಲ್ಲ, ಆ ಘೋಷಣೆ ಸರಿಯೇ ತಪ್ಪೇ ಎಂದು ನೋಡುವವರು ಯಾರೂ ಇಲ್ಲ. ಸಮಸ್ಯೆಯ ಬೇರು ಇರುವುದು ಇಲ್ಲಿ.

ಚಿಕ್ಕ ಉದಾಹರಣೆಯಿಂದಲೇ ಇದನ್ನು ನೋಡಬಹುದು. ಸಿ ಭಾಷೆಯ ಗಣಿತ ಲೈಬ್ರರಿಯಲ್ಲಿ ವರ್ಗಮೂಲ ಕಂಡುಹಿಡಿಯುವ ಫಂಕ್ಷನ್ ಇದೆ. ಅದಕ್ಕೆ ಒಂದು ದಶಮಾಂಶ ಸಂಖ್ಯೆ ಕೊಟ್ಟರೆ ಒಂದು ದಶಮಾಂಶ ಸಂಖ್ಯೆ ಮರಳುತ್ತದೆ. ಸಿಟೈಪ್ಸ್ ಮೂಲಕ ಏನನ್ನೂ ಘೋಷಿಸದೆ ಅದಕ್ಕೆ 2.0 ಕೊಟ್ಟರೆ, ಈ ಮೌಲ್ಯವನ್ನು ಹೇಗೆ ಪರಿವರ್ತಿಸಬೇಕೋ ತಿಳಿಯದು ಎಂದು ದೋಷ ಬರುತ್ತದೆ. ಅಷ್ಟರಮಟ್ಟಿಗೆ ಒಳ್ಳೆಯದೇ. ಆಗ ಬರೆಯುವವರು ಆರ್ಗ್‌ಟೈಪ್ಸ್‌ನಲ್ಲಿ, ಅಂದರೆ ಫಂಕ್ಷನ್‌ಗೆ ಕೊಡುವ ಮೌಲ್ಯಗಳ (ಆರ್ಗ್ಯುಮೆಂಟ್‌ಗಳ) ಬಗೆ ಹೇಳುವ ಜಾಗದಲ್ಲಿ, ಡಬಲ್ (ದಶಮಾಂಶ ಸಂಖ್ಯೆ) ಎಂದು ನಮೂದಿಸುತ್ತಾರೆ. ಮತ್ತೆ ಓಡಿಸಿದರೆ ದೋಷ ಬರುವುದಿಲ್ಲ, ಉತ್ತರವೂ ಬರುತ್ತದೆ. ಆದರೆ 1.414 ಬರಬೇಕಾದ ಕಡೆ ಸಂಬಂಧವೇ ಇಲ್ಲದ ಪೂರ್ಣಾಂಕವೊಂದು ಬಂದಿರುತ್ತದೆ.

ಇದಕ್ಕೆ ಕಾರಣ ಪ್ರೊಸೆಸರ್‌ನಲ್ಲಿದೆ. 64 ಬಿಟ್‌ನ ಇಂಟೆಲ್ ಮಾದರಿಯ ಪ್ರೊಸೆಸರ್ ಮೇಲೆ ಫಂಕ್ಷನ್ ಕರೆಗಳಿಗೆ ಲಿನಕ್ಸ್ ಪಾಲಿಸುವ ಒಪ್ಪಂದದ ಪ್ರಕಾರ ಪೂರ್ಣಾಂಕಗಳು ಮತ್ತು ಪಾಯಿಂಟರ್‌ಗಳು (ಮೆಮೊರಿಯ ವಿಳಾಸಗಳು) ಒಂದು ಬಗೆಯ ರಿಜಿಸ್ಟರ್‌ಗಳಲ್ಲಿ, ಅಂದರೆ ಪ್ರೊಸೆಸರ್ ಒಳಗಿನ ಪುಟ್ಟ ಖಾನೆಗಳಲ್ಲಿ, ಸಾಗುತ್ತವೆ, ದಶಮಾಂಶ ಸಂಖ್ಯೆಗಳು ಬೇರೆಯೇ ರಿಜಿಸ್ಟರ್‌ಗಳಲ್ಲಿ ಸಾಗುತ್ತವೆ. ಮರಳುವ ಮೌಲ್ಯಕ್ಕೂ ಇದೇ ನಿಯಮ. ವರ್ಗಮೂಲದ ಫಂಕ್ಷನ್ ತನ್ನ ಉತ್ತರವನ್ನು ದಶಮಾಂಶದ ರಿಜಿಸ್ಟರ್‌ನಲ್ಲಿ ಸರಿಯಾಗಿಯೇ ಇಟ್ಟು ಹೋಗಿದೆ. ಆದರೆ ಮರಳುವ ಮೌಲ್ಯದ ಬಗೆಯನ್ನು, ಅಂದರೆ ರೆಸ್‌ಟೈಪನ್ನು, ನಾವು ಹೇಳಲಿಲ್ಲ. ಹೇಳದಿದ್ದರೆ ಸಿಟೈಪ್ಸ್ ಅದನ್ನು ಸಾಧಾರಣ ಪೂರ್ಣಾಂಕವೆಂದೇ ಭಾವಿಸುತ್ತದೆ. ಹಾಗಾಗಿ ಪೂರ್ಣಾಂಕದ ರಿಜಿಸ್ಟರ್ ತೆರೆದು, ಅಲ್ಲಿ ಹಿಂದಿನ ಯಾವುದೋ ಕೆಲಸದಿಂದ ಉಳಿದಿದ್ದ ಸಂಖ್ಯೆಯನ್ನು ಉತ್ತರವೆಂದು ತಂದುಕೊಡುತ್ತದೆ. ಸಿ ಫಂಕ್ಷನ್ ತಪ್ಪು ಮಾಡಿಲ್ಲ, ಪೈಥಾನ್ ತಪ್ಪು ಮಾಡಿಲ್ಲ, ಲಿಬ್‌ಎಫ್‌ಎಫ್‌ಐ ಹೇಳಿದ್ದನ್ನೇ ಮಾಡಿದೆ. ಆದರೂ ಉತ್ತರ ತಪ್ಪು.

ಇಲ್ಲಿ ತಪ್ಪು ಎದ್ದು ಕಾಣುತ್ತದೆ, ಆದ್ದರಿಂದ ಅದನ್ನು ಹಿಡಿಯುವುದು ಸುಲಭ. ಪಾಯಿಂಟರ್ ಮರಳಿಸುವ ಫಂಕ್ಷನ್‌ಗಳಲ್ಲಿ ಹಾಗಾಗುವುದಿಲ್ಲ. 64 ಬಿಟ್ ಲಿನಕ್ಸ್‌ನಲ್ಲಿ ಲೈಬ್ರರಿಗಳು ಸಾಮಾನ್ಯವಾಗಿ ಸುಮಾರು 140 ಲಕ್ಷ ಕೋಟಿಯ ಆಸುಪಾಸಿನ ವಿಳಾಸಗಳಲ್ಲಿ ಕೂರುತ್ತವೆ. 32 ಬಿಟ್‌ನ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 214 ಕೋಟಿ ಚಿಲ್ಲರೆ. ರೆಸ್‌ಟೈಪ್ ಹೇಳದೇ ಇದ್ದರೆ ವಿಳಾಸದ ಮೇಲಿನ 32 ಬಿಟ್‌ಗಳು ಸದ್ದಿಲ್ಲದೆ ಕತ್ತರಿಸಿ ಹೋಗುತ್ತವೆ. ಉಳಿದ ಅರ್ಧವೂ ಒಂದು ಸಂಖ್ಯೆಯೇ, ನೋಡಿದರೆ ಅನುಮಾನ ಬರುವುದಿಲ್ಲ. ಅದನ್ನು ಇನ್ನೊಂದು ಸಿ ಫಂಕ್ಷನ್‌ಗೆ ಕೊಟ್ಟಾಗ ಪ್ರೋಗ್ರಾಂ ಕ್ರ್ಯಾಶ್ ಆಗುತ್ತದೆ. ಪೈಥಾನ್‌ನ ಎಂದಿನ ದೋಷ ಸಂದೇಶ ಬರುವುದಿಲ್ಲ, ಯಾವ ಸಾಲಿನಲ್ಲಿ ಏನಾಯಿತೆಂದು ಹೇಳುವ ಪಟ್ಟಿಯೂ ಬರುವುದಿಲ್ಲ, ಏಕೆಂದರೆ ಅದನ್ನು ಬರೆಯಬೇಕಾದ ಇಂಟರ್‌ಪ್ರಿಟರ್ ಪ್ರಕ್ರಿಯೆಯ ಜೊತೆಗೇ ಸತ್ತಿದೆ. ಪೈಥಾನ್ 3.3ರಿಂದ ಇರುವ ಫಾಲ್ಟ್‌ಹ್ಯಾಂಡ್ಲರ್ ಮಾಡ್ಯೂಲನ್ನು ಮೊದಲೇ ಚಾಲೂ ಮಾಡಿಟ್ಟಿದ್ದರೆ ಕೊನೆಯ ಸಾಲಿನ ಗುರುತಾದರೂ ಸಿಗುತ್ತದೆ. ಎಫ್‌ಎಫ್‌ಐ ಬಳಸುವ ಯಾರೂ ಅದನ್ನು ಚಾಲೂ ಮಾಡದೆ ಕೆಲಸಕ್ಕೆ ಕೂರಬಾರದು.

ಇದಕ್ಕಿಂತ ಕೆಟ್ಟ ಸಾಧ್ಯತೆ ಎಂದರೆ ಕ್ರ್ಯಾಶ್ ಆಗದಿರುವುದು. ಕೆಲವು ವ್ಯವಸ್ಥೆಗಳಲ್ಲಿ ಮೆಮೊರಿ ಕೆಳಗಿನ ವಿಳಾಸಗಳಲ್ಲಿ ಸಿಗುತ್ತದೆ. ಆಗ ಕತ್ತರಿಸಿದರೂ ವಿಳಾಸ ಕೆಡುವುದಿಲ್ಲ, ಪ್ರೋಗ್ರಾಂ ಸರಿಯಾಗಿಯೇ ಓಡುತ್ತದೆ, ಪರೀಕ್ಷೆಗಳೆಲ್ಲ ಪಾಸಾಗುತ್ತವೆ. ಮತ್ತೊಬ್ಬರ ಕಂಪ್ಯೂಟರ್‌ಗೆ ಹೋದಾಗ ಬೀಳುತ್ತದೆ. ಇಂಥದ್ದನ್ನು ಹುಡುಕಲು ಹೊರಟವರು ಮೊದಲು ಸಂಶಯಪಡುವುದು ಸಿ ಲೈಬ್ರರಿಯನ್ನು. ಅದನ್ನು ಬರೆದವರಿಗೆ, ಅವರದಲ್ಲದ ತಪ್ಪಿಗೆ, ದೂರುಗಳು ಹೋಗುತ್ತವೆ.

ಘೋಷಣೆಯನ್ನು ಯಾರೂ ಏಕೆ ಪರೀಕ್ಷಿಸುವುದಿಲ್ಲ? ಪರೀಕ್ಷಿಸಲು ಬೇಕಾದ ಮಾಹಿತಿಯೇ ಅಲ್ಲಿ ಉಳಿದಿಲ್ಲ. ಸಿ ಪ್ರೋಗ್ರಾಂನ ಹೆಡರ್ ಕಡತದಲ್ಲಿ ಪ್ರತಿ ಫಂಕ್ಷನ್‌ಗೆ ಎಷ್ಟು ಆರ್ಗ್ಯುಮೆಂಟ್, ಯಾವ ಬಗೆಯವು ಎಂಬುದೆಲ್ಲ ಇರುತ್ತದೆ. ಕಂಪೈಲರ್ ಅದನ್ನು ಓದಿ, ತಾಳೆ ನೋಡಿ, ಯಂತ್ರಭಾಷೆ ಬರೆದು ಮುಗಿಸಿದ ಮೇಲೆ ಆ ವಿವರ ಕಡತಕ್ಕೆ ಬೇಕಿಲ್ಲ. ಹೊರಬರುವ ಲೈಬ್ರರಿಯ ಸಿಂಬಲ್ ಪಟ್ಟಿಯಲ್ಲಿ ಫಂಕ್ಷನ್‌ನ ಹೆಸರು ಮತ್ತು ಅದು ಶುರುವಾಗುವ ಜಾಗ ಇರುತ್ತವೆ, ಬಗೆಗಳ ಸುದ್ದಿ ಇರುವುದಿಲ್ಲ. ಸಿಟೈಪ್ಸ್ ತೆರೆಯುವುದು ಈ ಕಡತವನ್ನು. ಆದ್ದರಿಂದ ಅದು ನಾವು ಹೇಳಿದ್ದನ್ನು ನಂಬಲೇಬೇಕು.

ಹೆಡರ್‌ನಲ್ಲಿದ್ದು ಕಡತದಲ್ಲಿ ಇಲ್ಲದೇ ಹೋಗುವುದು ಬಗೆಗಳಷ್ಟೇ ಅಲ್ಲ. ಝಡ್‌ಲಿಬ್ ಇದಕ್ಕೆ ಬಹಳ ಒಳ್ಳೆಯ ಉದಾಹರಣೆ. ಡೇಟಾ ಕುಗ್ಗಿಸುವ ಮೊದಲು ಡಿಫ್ಲೇಟ್‌ಇನಿಟ್ ಕರೆಯಬೇಕೆಂದು ಅದರ ಕೈಪಿಡಿ ಹೇಳುತ್ತದೆ. ಲೈಬ್ರರಿಯಲ್ಲಿ ಹುಡುಕಿದರೆ ಆ ಹೆಸರಿನ ಫಂಕ್ಷನ್ ಸಿಗುವುದಿಲ್ಲ. ಅದು ಹೆಡರ್‌ನಲ್ಲಿರುವ ಮ್ಯಾಕ್ರೋ, ಅಂದರೆ ಕಂಪೈಲ್ ಆಗುವ ಮೊದಲೇ ಬೇರೆ ಕೋಡ್ ಆಗಿ ಬದಲಾಗುವ ಸಂಕ್ಷಿಪ್ತ ಹೆಸರು. ನಿಜವಾದ ಫಂಕ್ಷನ್‌ನ ಹೆಸರಿನ ಕೊನೆಗೆ ಒಂದು ಅಂಡರ್‌ಸ್ಕೋರ್ ಇದೆ, ಮತ್ತು ಅದಕ್ಕೆ ಎರಡು ಆರ್ಗ್ಯುಮೆಂಟ್‌ಗಳು ಹೆಚ್ಚು: ಕರೆಯುವವರು ಯಾವ ಆವೃತ್ತಿಯ ಹೆಡರ್ ನೋಡಿ ಬರೆದಿದ್ದಾರೆ ಎಂಬುದು, ಮತ್ತು ಅವರ ಲೆಕ್ಕದಲ್ಲಿ ಸ್ಟ್ರೀಮ್ ಸ್ಟ್ರಕ್ಟ್‌ನ (ಹಲವು ಮೌಲ್ಯಗಳನ್ನು ಒಟ್ಟಿಗೆ ಕಟ್ಟಿಟ್ಟ ರಚನೆಯ) ಗಾತ್ರ ಎಷ್ಟು ಬೈಟ್ ಎಂಬುದು. ಸಿ ಕಂಪೈಲರ್ ಇವೆರಡನ್ನೂ ತಾನೇ ತುಂಬುತ್ತದೆ. ಗಾತ್ರ ತಾಳೆಯಾಗದಿದ್ದರೆ ಝಡ್‌ಲಿಬ್ ಆವೃತ್ತಿ ದೋಷ ಮರಳಿಸಿ ಅಲ್ಲೇ ನಿಲ್ಲುತ್ತದೆ. ಆ ಸ್ಟ್ರಕ್ಟ್ 64 ಬಿಟ್ ಲಿನಕ್ಸ್‌ನಲ್ಲಿ 112 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 88 ಬೈಟ್. ಲಾಂಗ್ ಎಂಬ ಸಿ ಬಗೆ ಲಿನಕ್ಸ್‌ನಲ್ಲಿ 64 ಬಿಟ್, ವಿಂಡೋಸ್‌ನಲ್ಲಿ 32 ಬಿಟ್ ಆಗಿರುವುದರಿಂದ ಈ ವ್ಯತ್ಯಾಸ. ಲಿನಕ್ಸ್‌ನಲ್ಲಿ ಕುಳಿತು ಆ ಜಾಗಗಳಿಗೆ 64 ಬಿಟ್ ಎಂದು ಕೈಯಾರೆ ಬರೆದವರ ಘೋಷಣೆ ವಿಂಡೋಸ್‌ನಲ್ಲಿ ತಪ್ಪುತ್ತದೆ. ಕರೆಯುವವರು ತಪ್ಪಬಹುದೆಂದು ಮೊದಲೇ ಯೋಚಿಸಿ ಬಾಗಿಲಲ್ಲೇ ಅಳತೆ ಕೇಳುವ ಝಡ್‌ಲಿಬ್ ಬರೆದವರ ಬಗ್ಗೆ ನನಗೆ ಬಹಳ ಗೌರವವಿದೆ. ಎಷ್ಟೋ ಲೈಬ್ರರಿಗಳು ಇಷ್ಟು ಎಚ್ಚರ ವಹಿಸುವುದಿಲ್ಲ.

ಕರೆ ಎದುರು ದಿಕ್ಕಿನಿಂದ ಬರುವಾಗ ತೊಡಕು ಇನ್ನೂ ಹೆಚ್ಚು. ಸಿ ಲೈಬ್ರರಿಗೆ ನಮ್ಮ ಪೈಥಾನ್ ಫಂಕ್ಷನ್ ಒಂದನ್ನು ಕೊಟ್ಟು, ಬೇಕಾದಾಗ ಇದನ್ನು ಕರೆ ಎನ್ನಬಹುದು. ಇಂಥ ಫಂಕ್ಷನ್‌ಗೆ ಕಾಲ್‌ಬ್ಯಾಕ್ ಎನ್ನುತ್ತಾರೆ. ಸಿಟೈಪ್ಸ್ ಅದಕ್ಕೊಂದು ಚಿಕ್ಕ ಯಂತ್ರಭಾಷೆಯ ತುಣುಕನ್ನು ಸಿದ್ಧಪಡಿಸಿ ಅದರ ವಿಳಾಸ ಕೊಡುತ್ತದೆ. ಆ ತುಣುಕನ್ನು ಹಿಡಿದಿರುವ ಪೈಥಾನ್ ವಸ್ತುವನ್ನು ನಾವು ಯಾವುದೇ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳದಿದ್ದರೆ ಪೈಥಾನ್ ಅದನ್ನು ಕಸವೆಂದು ತಿಳಿದು ತೆಗೆದುಹಾಕುತ್ತದೆ. ಸಿ ಲೈಬ್ರರಿಯ ಬಳಿ ಹಳೆಯ ವಿಳಾಸ ಉಳಿದಿರುತ್ತದೆ. ಅದು ಕರೆದ ದಿನ ಪ್ರೋಗ್ರಾಂ ಬೀಳುತ್ತದೆ. ವಿಂಗಡಣೆಯಂಥ ಫಂಕ್ಷನ್‌ಗಳಲ್ಲಿ ಇದು ತೊಂದರೆ ಕೊಡುವುದಿಲ್ಲ, ಕರೆ ಮುಗಿಯುವವರೆಗೆ ವಸ್ತು ಬದುಕಿರುತ್ತದೆ. ವಿಳಾಸವನ್ನು ನೆನಪಿಟ್ಟುಕೊಂಡು ಮುಂದೆಂದೋ ಕರೆಯುವ ಲೈಬ್ರರಿಗಳಲ್ಲಿ ತೊಂದರೆ. ಯಾವ ಫಂಕ್ಷನ್ ಯಾವ ಬಗೆಯದು ಎಂಬುದನ್ನು ಹೆಡರ್ ಕೂಡ ಹೇಳುವುದಿಲ್ಲ, ಕೈಪಿಡಿಯನ್ನು ಓದಿಯೇ ತಿಳಿಯಬೇಕು.

ಪರಿಹಾರಗಳು ಇಲ್ಲವೆಂದಲ್ಲ. ಆರ್ಮಿನ್ ರೀಗೋ ಮತ್ತು ಮಾಚೇಯ್ ಫಿಯಾಲ್ಕೋವ್‌ಸ್ಕಿ 2012ರಲ್ಲಿ ಹೊರತಂದ ಸಿಎಫ್‌ಎಫ್‌ಐ ಲೈಬ್ರರಿಗೆ ಎರಡು ವಿಧಾನಗಳಿವೆ. ಒಂದು ಸಿಟೈಪ್ಸ್‌ನಂತೆಯೇ ನೇರವಾಗಿ ಕಡತ ತೆರೆಯುವುದು. ಇನ್ನೊಂದರಲ್ಲಿ ನಾವು ಬರೆದ ಘೋಷಣೆಯನ್ನು ನಿಜವಾದ ಹೆಡರ್ ಜೊತೆ ಸಿ ಕಂಪೈಲರ್‌ಗೆ ಕೊಡಲಾಗುತ್ತದೆ. ಸ್ಟ್ರಕ್ಟ್‌ನಲ್ಲಿ ಗೊತ್ತಿಲ್ಲದ ಭಾಗವಿದ್ದರೆ ಮೂರು ಚುಕ್ಕೆ ಹಾಕಿ ಬಿಟ್ಟರಾಯಿತು, ಅಳತೆಯನ್ನು ಕಂಪೈಲರ್ ತುಂಬುತ್ತದೆ. ನಾವು ಬರೆದದ್ದು ಹೆಡರ್‌ಗೆ ಹೊಂದದಿದ್ದರೆ ಕಂಪೈಲ್ ಮಾಡುವಾಗಲೋ ಇಂಪೋರ್ಟ್ ಮಾಡುವಾಗಲೋ ಗೊತ್ತಾಗುತ್ತದೆ, ಬಳಕೆದಾರರ ಮುಂದೆ ಅಲ್ಲ. ಮ್ಯಾಕ್ರೋಗಳೂ ಕೈಗೆಟುಕುತ್ತವೆ. ಇದಕ್ಕೆ ತೆರಬೇಕಾದ ಬೆಲೆ ಎಂದರೆ ಪ್ಯಾಕೇಜ್ ಸಿದ್ಧಪಡಿಸುವವರ ಬಳಿ ಕಂಪೈಲರ್ ಇರಬೇಕು, ಪ್ರತಿ ವ್ಯವಸ್ಥೆಗೂ ಬೇರೆ ಕಡತ ತಯಾರಿಸಬೇಕು. ಐದಾರು ಫಂಕ್ಷನ್‌ಗಳಿಗಾದರೆ ಸಿಟೈಪ್ಸ್ ಸಾಕು ಎಂಬುದು ನನ್ನ ಅಭಿಪ್ರಾಯ. ಸ್ಟ್ರಕ್ಟ್‌ಗಳು, ಕಾಲ್‌ಬ್ಯಾಕ್‌ಗಳು ಬಂದ ಮೇಲೆ ಕೈಯಾರೆ ಘೋಷಣೆ ಬರೆಯುವುದನ್ನು ನಿಲ್ಲಿಸಬೇಕು. ಮನುಷ್ಯನ ಕಣ್ಣು ಮಾಡಬೇಕಾದ ಕೆಲಸ ಅದಲ್ಲ.

ಆಪಲ್ 2020ರ ಕೊನೆಯಲ್ಲಿ ತನ್ನದೇ ಪ್ರೊಸೆಸರ್‌ಗಳಿರುವ ಮ್ಯಾಕ್‌ಗಳನ್ನು ಬಿಡುಗಡೆ ಮಾಡಿದಾಗ ಈ ಮಾತು ರುಜುವಾತಾಯಿತು. ಪರದೆಗೆ ಬರೆಯುವ ಪ್ರಿಂಟ್‌ಎಫ್‌ನಂತೆ ಎಷ್ಟು ಬೇಕಾದರೂ ಆರ್ಗ್ಯುಮೆಂಟ್ ತೆಗೆದುಕೊಳ್ಳುವ ಫಂಕ್ಷನ್‌ಗಳನ್ನು ಹಳೆಯ ಇಂಟೆಲ್ ಯಂತ್ರಗಳಲ್ಲಿ ಸಾಮಾನ್ಯ ಫಂಕ್ಷನ್‌ನಂತೆ ಕರೆದರೂ ಬಹುತೇಕ ನಡೆದುಹೋಗುತ್ತಿತ್ತು. ಆಪಲ್‌ನ ಹೊಸ ಒಪ್ಪಂದದಲ್ಲಿ ಇಂಥ ಹೆಚ್ಚುವರಿ ಆರ್ಗ್ಯುಮೆಂಟ್‌ಗಳು ರಿಜಿಸ್ಟರ್‌ಗಳಲ್ಲಿ ಹೋಗುವುದಿಲ್ಲ, ಮೆಮೊರಿಯಲ್ಲಿರುವ ಸ್ಟ್ಯಾಕ್ ಎಂಬ ಜಾಗದ ಮೇಲೆ ಹೋಗುತ್ತವೆ. ನಿಗದಿತ ಆರ್ಗ್ಯುಮೆಂಟ್‌ಗಳು ಯಾವುವೆಂದು ಘೋಷಿಸದ ಕೋಡ್ ಅಲ್ಲಿ ಕೆಡುತ್ತದೆ. ಮೂಲ ಕೋಡ್‌ನಲ್ಲಿ ಒಂದಕ್ಷರ ಬದಲಾಗದೆ, ಹಿಂದೆ ಓಡುತ್ತಿದ್ದದ್ದು ಓಡದಂತಾಯಿತು. ಹೆಡರ್ ಓದಿದ ಕಂಪೈಲರ್‌ಗೆ ಈ ಬದಲಾವಣೆ ತಾನಾಗಿ ತಿಳಿಯುತ್ತದೆ.

ರಸ್ಟ್ ಬಂದದ್ದರಿಂದ ಈ ಸಮಸ್ಯೆ ಮುಗಿಯಿತು ಎಂಬ ಭಾವನೆ ಕೆಲವರಲ್ಲಿದೆ. ಪೈಥಾನ್‌ನ ಕ್ರಿಪ್ಟೋಗ್ರಫಿ ಲೈಬ್ರರಿ 2021ರ ಫೆಬ್ರವರಿಯಲ್ಲಿ 3.4ನೇ ಆವೃತ್ತಿಯಿಂದ ರಸ್ಟ್ ಸೇರಿಸಿಕೊಂಡಿತು, ಪೈಡ್ಯಾಂಟಿಕ್ 2023ರಲ್ಲಿ ತನ್ನ ಒಳತಿರುಳನ್ನು ರಸ್ಟ್‌ನಲ್ಲಿ ಮತ್ತೆ ಬರೆಯಿತು, ಪೋಲಾರ್ಸ್ ಮೊದಲಿನಿಂದಲೂ ರಸ್ಟ್‌ನದು. ರಸ್ಟ್ ತನ್ನ ಗಡಿಯೊಳಗೆ ಮೆಮೊರಿಯನ್ನು ಚೆನ್ನಾಗಿ ಕಾಯುತ್ತದೆ, ನಿಜ. ಪೈಓ3 ಎಂಬ ಲೈಬ್ರರಿ ಪೈಥಾನ್ ಕಡೆಯ ಘೋಷಣೆಯನ್ನು ರಸ್ಟ್ ಕೋಡ್‌ನಿಂದಲೇ ತಯಾರಿಸುವುದರಿಂದ ಕೈಯಾರೆ ಬರೆಯುವ ತಪ್ಪೂ ತಪ್ಪುತ್ತದೆ. ಆದರೆ ರಸ್ಟ್‌ಗೆ ಸ್ಥಿರವಾದ ತನ್ನದೇ ಎಬಿಐ (ಕಂಪೈಲ್ ಆದ ಕೋಡ್‌ಗಳು ಒಂದನ್ನೊಂದು ಕರೆಯುವ ಒಪ್ಪಂದ) ಇಲ್ಲ. ಹೊರಗಿನವರ ಜೊತೆ ಮಾತಾಡಬೇಕಾದರೆ ಅದೂ ಸಿ ಭಾಷೆಯ ಒಪ್ಪಂದಕ್ಕೇ ಇಳಿಯಬೇಕು, ಅಲ್ಲಿ ಅದರ ಖಾತರಿಗಳು ಜೊತೆಗೆ ಬರುವುದಿಲ್ಲ. ರಸ್ಟ್‌ನೊಳಗೆ ಎದ್ದ ಪ್ಯಾನಿಕ್ (ಮುಂದೆ ಸಾಗಲಾಗದ ದೋಷ) ಈ ಗಡಿ ದಾಟಿ ಹೊರಬಂದರೆ ಏನಾಗಬೇಕೆಂಬುದು ಕೂಡ 2024ರಲ್ಲಿ, 1.81ನೇ ಆವೃತ್ತಿಯಲ್ಲಿ, ಖಚಿತವಾಯಿತು: ಪ್ರಕ್ರಿಯೆ ಅಲ್ಲೇ ನಿಲ್ಲುತ್ತದೆ. ಐವತ್ತು ವರ್ಷ ದಾಟಿದ ಸಿ ಇಂದು ಎಲ್ಲ ಭಾಷೆಗಳೂ ಪರಸ್ಪರ ಮಾತಾಡಲು ಬಳಸುವ ಭಾಷೆಯಾಗಿ ಉಳಿದಿದೆ, ಮತ್ತು ಆ ಮಾತಿನಲ್ಲಿ ಬಗೆಗಳ ಕುರುಹು ಇಲ್ಲ.

ಹಾಗಾದರೆ ಗಡಿ ದಾಟುವುದಕ್ಕೆ ಕನಿಷ್ಠ ಅನುಮತಿಯಾದರೂ ಬೇಕಲ್ಲವೇ? ಈ ಪ್ರಶ್ನೆಗೆ ಭಾಷೆಗಳು ಬೇರೆಬೇರೆ ಉತ್ತರ ಕೊಟ್ಟಿವೆ. ಜಾವಾ ಸ್ಕ್ರಿಪ್ಟಿಂಗ್ ಭಾಷೆಯಲ್ಲದಿದ್ದರೂ ಅದರ ದಾರಿಯನ್ನು ಇಲ್ಲಿ ಗಮನಿಸಬೇಕು. 2024ರ ಮಾರ್ಚ್‌ನಲ್ಲಿ ಬಂದ ಜಾವಾ 22ರಲ್ಲಿ ಹೊರಗಿನ ಫಂಕ್ಷನ್‌ಗಳನ್ನು ಕರೆಯುವ ಹೊಸ ವ್ಯವಸ್ಥೆ ಅಂತಿಮ ರೂಪ ಪಡೆಯಿತು. ಅದಕ್ಕಾಗಿ ಪ್ರತ್ಯೇಕವಾಗಿ ಸಿಗುವ ಜೆಎಕ್ಸ್‌ಟ್ರ್ಯಾಕ್ಟ್ ಉಪಕರಣ ಘೋಷಣೆಗಳನ್ನು ಹೆಡರ್‌ನಿಂದಲೇ ಬರೆದುಕೊಡುತ್ತದೆ. ಮರುವರ್ಷದ ಜಾವಾ 24ರಿಂದ, ಅನುಮತಿ ಕೊಡದೆ ಯಾವುದೇ ಕೋಡ್ ನೇಟಿವ್ ಲೈಬ್ರರಿಯನ್ನು ತೆರೆದರೆ ಎಚ್ಚರಿಕೆ ಕಾಣಿಸುತ್ತದೆ. ಮುಂದೆ ಇದು ದೋಷವೇ ಆಗಲಿದೆ. ಜಾವಾಸ್ಕ್ರಿಪ್ಟ್ ಓಡಿಸುವ ಡೀನೋದಲ್ಲಿ ಎಫ್‌ಎಫ್‌ಐಗೆ ಪ್ರತ್ಯೇಕ ಅನುಮತಿ ಬೇಕು. ಪಿಎಚ್‌ಪಿಯಲ್ಲಿ ಮೂಲ ಸೆಟ್ಟಿಂಗ್ ಪ್ರಕಾರ ಕಮಾಂಡ್ ಲೈನ್‌ನಲ್ಲಿ ಮತ್ತು ಮೊದಲೇ ಲೋಡ್ ಮಾಡಿಟ್ಟ ಕಡತಗಳಲ್ಲಿ ಮಾತ್ರ ಎಫ್‌ಎಫ್‌ಐ ಸಿಗುತ್ತದೆ, ವೆಬ್ ಪುಟದ ಸಾಮಾನ್ಯ ಸ್ಕ್ರಿಪ್ಟ್‌ಗೆ ಸಿಗುವುದಿಲ್ಲ. ಪೈಥಾನ್‌ನಲ್ಲಿ ಮಾತ್ರ ಯಾವ ಪ್ಯಾಕೇಜ್ ಬೇಕಾದರೂ ಯಾವ ಕ್ಷಣದಲ್ಲಾದರೂ ಸಿಟೈಪ್ಸ್ ಇಂಪೋರ್ಟ್ ಮಾಡಿ ಮೆಮೊರಿಯ ಯಾವ ಮೂಲೆಗಾದರೂ ಕೈ ಹಾಕಬಹುದು. ಅನುಮತಿಯ ಬೇಲಿ ಹಾಕಿದ ಮಾತ್ರಕ್ಕೆ ತಪ್ಪು ಘೋಷಣೆ ಸರಿಯಾಗುವುದಿಲ್ಲ. ಆದರೆ ನನ್ನ ಪ್ರೋಗ್ರಾಂನ ಯಾವ ಅವಲಂಬನೆ ಗಡಿ ದಾಟುತ್ತಿದೆ ಎಂಬುದು ತಿಳಿಯುತ್ತದೆ, ಕ್ರ್ಯಾಶ್ ಆದ ದಿನ ಎಲ್ಲಿ ಹುಡುಕಬೇಕೆಂಬುದು ತಿಳಿಯುತ್ತದೆ. ಈ ವಿಷಯದಲ್ಲಿ ಜಾವಾದ ದಾರಿ ಸರಿ ಎಂದು ನಾನು ನಂಬಿದ್ದೇನೆ.

ಪೈಥಾನ್‌ನ ಗಮನವೀಗ ಬೇರೆ ಕಡೆಯಿದೆ. ಏಕಕಾಲಕ್ಕೆ ಒಂದೇ ಥ್ರೆಡ್ ಓಡಲು ಬಿಡುವ ಜಿಐಎಲ್ ಎಂಬ ಬೀಗವನ್ನು ತೆಗೆಯುವ ಸ್ಯಾಮ್ ಗ್ರಾಸ್ ಅವರ ಪ್ರಸ್ತಾವನೆ 2023ರಲ್ಲಿ ಅಂಗೀಕಾರವಾಯಿತು. 2024ರ ಅಕ್ಟೋಬರ್‌ನ 3.13ರಲ್ಲಿ ಅದು ಪ್ರಯೋಗವಾಗಿ ಬಂದು, 2025ರ ಅಕ್ಟೋಬರ್‌ನ 3.14ರಲ್ಲಿ ಅಧಿಕೃತ ಬೆಂಬಲ ಪಡೆಯಿತು. ಕಂಪೈಲ್ ಆದ ಮಾಡ್ಯೂಲ್‌ಗಳಿಗೆ ಇದು ದೊಡ್ಡ ಸಂಗತಿ. ಬೀಗವಿಲ್ಲದೆಯೂ ತಾನು ಸುರಕ್ಷಿತವೆಂದು ಹೇಳಿಕೊಳ್ಳದ ವಿಸ್ತರಣಾ ಮಾಡ್ಯೂಲನ್ನು ಇಂಪೋರ್ಟ್ ಮಾಡಿದ ಕೂಡಲೇ ಪೈಥಾನ್ ಎಚ್ಚರಿಕೆ ಕೊಟ್ಟು ಬೀಗವನ್ನು ಮತ್ತೆ ಹಾಕುತ್ತದೆ. ಸಿಟೈಪ್ಸ್ ಮೂಲಕ ತೆರೆದ ಲೈಬ್ರರಿಗಳಿಗೆ ಅಂಥ ಹೇಳಿಕೆಯ ಏರ್ಪಾಡೇ ಇಲ್ಲ. ಸಿಟೈಪ್ಸ್‌ನ ಸಾಮಾನ್ಯ ಲೋಡರ್ ಸಿ ಫಂಕ್ಷನ್ ಕರೆಯುವಾಗ ಮೊದಲಿನಿಂದಲೂ ಬೀಗ ಬಿಟ್ಟುಕೊಟ್ಟೇ ಕರೆಯುತ್ತಿತ್ತು, ಆದ್ದರಿಂದ ಹಲವು ಥ್ರೆಡ್‌ಗಳು ಒಂದೇ ಸಿ ಲೈಬ್ರರಿಗೆ ಒಟ್ಟಿಗೆ ನುಗ್ಗುವ ಸಾಧ್ಯತೆ ಹೊಸದಲ್ಲ. ಹಿಂದೆ ಕರೆಗಳ ನಡುವೆ ಪೈಥಾನ್ ಸಾಲುಗಳು ಸರದಿಯಲ್ಲೇ ಓಡಬೇಕಿದ್ದುದರಿಂದ ಇಂಥ ಡಿಕ್ಕಿಗಳು ವಿರಳವಾಗಿದ್ದವು. ಬೀಗವಿಲ್ಲದ ಆವೃತ್ತಿಯಲ್ಲಿ ಆ ಸರದಿಯೂ ಇಲ್ಲ. ಲೈಬ್ರರಿಯೊಳಗೆ ಎಲ್ಲರೂ ಹಂಚಿಕೊಳ್ಳುವ ಒಂದೇ ಬಫರ್ ಇದ್ದರೆ, ಇಷ್ಟು ವರ್ಷ ಅದೃಷ್ಟದಿಂದ ಉಳಿದಿದ್ದ ಕೋಡ್ ಇನ್ನು ಉಳಿಯುವುದು ಕಷ್ಟ. ಬೀಗವಿಲ್ಲದ ಆವೃತ್ತಿಗೆ ಹೋಗುವ ಮೊದಲು ಪ್ರತಿ ಸಿಟೈಪ್ಸ್ ಲೈಬ್ರರಿಯ ಸುತ್ತ ಸ್ವಂತ ಲಾಕ್ ಒಂದನ್ನು ಹಾಕುವುದು ಲೇಸು, ಲೈಬ್ರರಿಯ ಕೈಪಿಡಿ ಬೇಡವೆಂದು ಸ್ಪಷ್ಟವಾಗಿ ಹೇಳಿದರೆ ತೆಗೆಯಬಹುದು.

ವೇಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಿಟೈಪ್ಸ್‌ನ ಪ್ರತಿ ಕರೆಯಲ್ಲೂ ಆರ್ಗ್ಯುಮೆಂಟ್‌ಗಳನ್ನು ಪರಿವರ್ತಿಸುವ ಖರ್ಚಿದೆ. ಒಂದೊಂದು ಸಂಖ್ಯೆಗೆ ಒಂದೊಂದು ಸಲ ಕರೆದರೆ ಸಿ ಬಳಸಿದ ಲಾಭವೆಲ್ಲ ಅಲ್ಲೇ ಸೋರಿಹೋಗುತ್ತದೆ. ಸಂಖ್ಯೆಗಳ ಇಡೀ ಸಾಲನ್ನು ಒಮ್ಮೆಗೇ ಕೊಡಬೇಕು. ಲುವಾ ಭಾಷೆಯನ್ನು ಓಡಿಸುವ ಲುವಾಜಿಟ್ ಇದಕ್ಕೆ ಅಪವಾದ: ಅದರ ಕಂಪೈಲರ್ ಸಿ ಕರೆಯನ್ನು ತನ್ನ ಯಂತ್ರಭಾಷೆಯೊಳಗೇ ಹೆಣೆಯುವುದರಿಂದ ದಾಟುವ ಖರ್ಚು ಇಲ್ಲವೆನ್ನುವಷ್ಟು ಕಡಿಮೆ.

ಮೂಲ ಪ್ರಶ್ನೆ ಮತ್ತೆ ಮಾಹಿತಿಯದೇ. ಕಂಪೈಲ್ ಆದ ಕಡತದ ಜೊತೆ ಬಗೆಗಳ ವಿವರವೂ ಬಂದರೆ ಕೈಯಾರೆ ಬರೆಯುವ ಅಗತ್ಯ ತಪ್ಪುತ್ತದೆ, ಮತ್ತು ಇದು ಈಗಾಗಲೇ ಕೆಲವೆಡೆ ನಡೆದಿದೆ. ಲಿನಕ್ಸ್‌ನ ಡೆಸ್ಕ್‌ಟಾಪ್ ರೂಪಿಸುವ ಗ್ನೋಮ್ ಯೋಜನೆಯ ಜಿಆಬ್ಜೆಕ್ಟ್ ಇಂಟ್ರೊಸ್ಪೆಕ್ಷನ್ ಪ್ರತಿ ಲೈಬ್ರರಿಯ ಜೊತೆಗೆ ಟೈಪ್‌ಲಿಬ್ ಎಂಬ ಕಡತ ಇಡುತ್ತದೆ. ಫಂಕ್ಷನ್‌ನ ಬಗೆಗಳ ಜೊತೆಗೆ, ಮರಳಿದ ಮೆಮೊರಿಯನ್ನು ಬಿಡುಗಡೆ ಮಾಡುವ ಹೊಣೆ ಕರೆದವರದೋ ಲೈಬ್ರರಿಯದೋ ಎಂಬುದೂ, ಕಾಲ್‌ಬ್ಯಾಕ್ ಎಷ್ಟು ಹೊತ್ತು ಬದುಕಿರಬೇಕೆಂಬುದೂ ಅದರಲ್ಲಿರುತ್ತದೆ. ಸಿ ಹೆಡರ್ ಕೂಡ ಹೇಳದ ಸಂಗತಿಗಳಿವು. ಪೈಥಾನ್‌ನ ಪೈಜಿಆಬ್ಜೆಕ್ಟ್ ಅದನ್ನು ಓದಿ, ಯಾರೂ ಒಂದು ಸಾಲು ಘೋಷಣೆ ಬರೆಯದಿದ್ದರೂ, ಕಿಟಕಿ, ಗುಂಡಿಗಳನ್ನು ಚಿತ್ರಿಸುವ ಇಡೀ ಜಿಟಿಕೆ ಲೈಬ್ರರಿಯನ್ನು ಕರೆಯಬಲ್ಲದು. ಮೈಕ್ರೋಸಾಫ್ಟ್ ಕೂಡ ವಿಂಡೋಸ್‌ನ ಹಳೆಯ ಫಂಕ್ಷನ್‌ಗಳಿಗೆ ಇಂಥದ್ದೇ ಯಂತ್ರ ಓದಬಲ್ಲ ವಿವರಣೆಯನ್ನು 2021ರಿಂದ ಬಹಿರಂಗವಾಗಿ ಸಿದ್ಧಪಡಿಸುತ್ತಿದೆ, ರಸ್ಟ್ ಮತ್ತು ಸಿ ಶಾರ್ಪ್ ಭಾಷೆಗಳ ಘೋಷಣೆಗಳು ಅದರಿಂದಲೇ ತಯಾರಾಗುತ್ತವೆ. ಎರಡೂ ತಂತಮ್ಮ ಆವರಣದೊಳಗಿನ ವ್ಯವಸ್ಥೆಗಳು. ಇವುಗಳ ಹೊರಗಿರುವ ಅಸಂಖ್ಯ ಸಿ ಲೈಬ್ರರಿಗಳಿಗೆ ಸಾಮಾನ್ಯವಾದ ಇಂಥ ಒಂದು ನಮೂನೆ ಇನ್ನೂ ರೂಪುಗೊಂಡಿಲ್ಲ. ಅದು ಬರುವವರೆಗೆ ಸಿ ಲೈಬ್ರರಿ ಬರೆಯುವವರು ಮೂರು ಕೆಲಸ ಮಾಡಬಹುದು: ಮುಖ್ಯ ಕೆಲಸಗಳನ್ನು ಮ್ಯಾಕ್ರೋಗಳಲ್ಲಿ ಅಡಗಿಸದೆ ನಿಜವಾದ ಫಂಕ್ಷನ್‌ಗಳಾಗಿ ಕೊಡುವುದು, ಸ್ಟ್ರಕ್ಟ್‌ಗಳ ಒಳವಿವರವನ್ನು ಹೊರಗೆ ಬಿಡದೆ ಪಾಯಿಂಟರ್ ಮೂಲಕವೇ ವ್ಯವಹರಿಸುವುದು, ಹೊರಗೆ ಬಿಡಲೇಬೇಕಾದರೆ ಝಡ್‌ಲಿಬ್‌ನಂತೆ ಅದರ ಗಾತ್ರವನ್ನು ಕರೆದವರಿಂದ ಕೇಳಿ ತಾಳೆ ನೋಡುವುದು.